ಮಣಿಕಟ್ಟಿನಲ್ಲಿ ಉಳಿದಿದ್ದ ಭಯ: ಪಿಯಾನೋಗೆ ಮರಳಿದ ಮಹಿಳೆಯೊಬ್ಬರ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಶ್ರೀಮತಿ ‘ವ’ ಅವರಿಗೆ 62 ವರ್ಷ. ಕೋಲಾರದಲ್ಲಿ ನೆಲೆಸಿರುವ ನಿವೃತ್ತ ಸರ್ಕಾರಿ ನೌಕರರು. ರಾತ್ರಿ ನಿದ್ದೆ ಬರುತ್ತಿಲ್ಲ, ಸಣ್ಣ ಮಾತಿಗೂ ಮನೆಯವರ ಮೇಲೆ ರೇಗುತ್ತಿದ್ದೇನೆ ಎಂದು ನನ್ನ ಬಳಿ ಬಂದರು. ವಿಚಾರಿಸಿದಾಗ, ಬೆಂಗಳೂರಿನಲ್ಲಿರುವ ಮಗಳು 88 ಕೀಗಳ ಡಿಜಿಟಲ್ ಪಿಯಾನೋ ಕೊಡಿಸಿದ ನಂತರವೇ ಇದು ಶುರುವಾದದ್ದೆಂದು ತಿಳಿಯಿತು.

ಅವರ ಬಾಲ್ಯ ಕಳೆದದ್ದು ಕೆ.ಜಿ.ಎಫ್.ನಲ್ಲಿ, ತಂದೆ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಬ್ರಿಟಿಷ್ ಕಂಪನಿಯ ಕಾಲದಿಂದ ಆಂಗ್ಲೋ ಇಂಡಿಯನ್ ಕುಟುಂಬಗಳು ನೆಲೆಸಿದ್ದ ಆ ಊರಿನಲ್ಲಿ ಪಿಯಾನೋ ಕಲಿಯುವುದು ಜಿಲ್ಲೆಯ ಬೇರೆಡೆ ಇದ್ದಷ್ಟು ಅಪರೂಪದ ಸಂಗತಿಯಾಗಿರಲಿಲ್ಲ. ಎಂಟನೆಯ ವಯಸ್ಸಿನಿಂದ ಒಬ್ಬ ವೃದ್ಧ ಶಿಕ್ಷಕಿಯ ಬಳಿ ಕಲಿತು, ಪಿಯಾನೋ ಪರೀಕ್ಷೆಯ ಐದನೆಯ ಗ್ರೇಡ್ ಮುಗಿಸಿ, ಹದಿನಾಲ್ಕಕ್ಕೆ ಬಿಟ್ಟಿದ್ದರು. ಈಗ ಹೆಡ್‌ಫೋನ್ ಹಾಕಿಕೊಂಡು, ಕೋಣೆಯ ಬಾಗಿಲು ಮುಚ್ಚಿ ನುಡಿಸುತ್ತಿದ್ದರು. ಒಂದು ಸ್ವರ ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭ. ಹೀಗೆ ಗಂಟೆಗಟ್ಟಲೆ ನಡೆದು ಕೊನೆಗೆ ಅಳುವಿನಲ್ಲಿ ಮುಗಿಯುತ್ತಿತ್ತು. “ಕಿವಿಗೆ ಎಲ್ಲ ಗೊತ್ತಿದೆ ಮೇಡಂ, ಕೈ ಮಾತ್ರ ಕೇಳುವುದಿಲ್ಲ” ಎಂದರು.

ಹೇಗೆ ಕೂರುತ್ತೀರಿ, ತೋರಿಸಿ ಎಂದೆ. ಅವರು ನನ್ನ ಮೇಜಿನ ಮೇಲೆ ಕೈಯಿಟ್ಟರು. ಬೆರಳುಗಳು ಅಂದವಾಗಿ ಬಾಗಿದ್ದವು, ಆದರೆ ಮಣಿಕಟ್ಟು ಅಲುಗಾಡದಂತೆ ಬಿಗಿದುಕೊಂಡಿತ್ತು, ಭುಜಗಳು ಕಿವಿಯತ್ತ ಏರಿದ್ದವು. ಕಾರಣ ಕೇಳಿದಾಗ ಅವರೇ ನೆನಪಿಸಿಕೊಂಡರು: ಶಿಕ್ಷಕಿ ಅಂಗೈ ಹಿಂಬದಿಯ ಮೇಲೆ ನಾಣ್ಯವಿಟ್ಟು ನುಡಿಸಲು ಹೇಳುತ್ತಿದ್ದರು; ನಾಣ್ಯ ಬಿದ್ದರೆ ಗೆಣ್ಣಿಗೆ ಸ್ಕೇಲಿನ ಏಟು. ನಾಣ್ಯವಿಡುವುದು ಆ ಕಾಲದ ಹಲವು ಶಿಕ್ಷಕರು ಪಾಲಿಸುತ್ತಿದ್ದ ಪದ್ಧತಿಯೇ. ಇಂದಿನ ಪಿಯಾನೋ ಬೋಧನೆ ಸಾಮಾನ್ಯವಾಗಿ ಮಣಿಕಟ್ಟು ಸಡಿಲವಾಗಿ ಏರಿಳಿಯಬೇಕು ಎನ್ನುತ್ತದೆ. ಬೆರಳುಗಳು ರೂಢಿಸಿಕೊಂಡ ಚಲನೆ ದಶಕಗಳ ನಂತರವೂ ಎಷ್ಟೋ ಮಟ್ಟಿಗೆ ಉಳಿಯುತ್ತದೆ. ಏಟು ತಪ್ಪಿಸಿಕೊಳ್ಳಲು ದೇಹ ಕಲಿತ ಬಿಗಿತವೂ ಹಾಗೆಯೇ ಉಳಿದುಬಿಟ್ಟಿತ್ತು. ಅವರ ಅಭ್ಯಾಸ ಕಡಿಮೆಯಾಗಿರಲಿಲ್ಲ, ಪ್ರತಿದಿನದ ಅಭ್ಯಾಸವೇ ಆ ಹಳೆಯ ಭಯವನ್ನು ಗಟ್ಟಿಮಾಡುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಆ ಶಿಕ್ಷಕಿಯನ್ನು ಕ್ಷಮಿಸಿ ಎಂದು ನಾನು ಹೇಳಲಿಲ್ಲ. ಒತ್ತಾಯದ ಕ್ಷಮೆಯಿಂದ ಯಾರ ಮನಸ್ಸೂ ಹಗುರಾದದ್ದನ್ನು ನಾನು ಕಂಡಿಲ್ಲ. ಎರಡು ಭೇಟಿಗಳಲ್ಲಿ ಅವರು ಆಕೆಯ ಬಗ್ಗೆ ಸಿಟ್ಟನ್ನೂ ಪ್ರೀತಿಯನ್ನೂ ಒಟ್ಟೊಟ್ಟಿಗೆ ಹೇಳಿಕೊಂಡರು. ಎರಡನ್ನೂ ಹಾಗೆಯೇ ಕೇಳಿಸಿಕೊಂಡೆ.

ಬೆಳಗ್ಗೆ ಬೆರಳು ಬಿಗಿಯುತ್ತದೆ ಎಂದಿದ್ದರಿಂದ ಮೊದಲು ಮೂಳೆತಜ್ಞರಲ್ಲಿಗೆ ಕಳುಹಿಸಿದೆ. ಹೆಬ್ಬೆರಳ ಬುಡದಲ್ಲಿ ಸವಕಳಿ ಆರಂಭವಾಗಿದೆ, ನುಡಿಸಲು ಅಡ್ಡಿಯಿಲ್ಲ, ನೋವು ಬಂದ ಕೂಡಲೇ ನಿಲ್ಲಿಸಬೇಕು ಎಂದು ವೈದ್ಯರು ತಿಳಿಸಿದರು. ಅದರಂತೆ ದಿನಕ್ಕೆ ಎರಡು ಬಾರಿ, ಪ್ರತಿ ಬಾರಿ 15 ನಿಮಿಷ ಮಾತ್ರ ಎಂದು ನಿಗದಿಪಡಿಸಿದೆವು. ಅವರಿಗೆ ಇಷ್ಟವಾದದ್ದು ಬಾಲ್ಯದಲ್ಲಿ ಕಲಿತ ಜಿ ಮೇಜರ್ ಸ್ವರಶ್ರೇಣಿಯ ಮಿನುಯೆಟ್, ಅಂದರೆ ಮೂರು ಎಣಿಕೆಯ ಒಂದು ನೃತ್ಯಸಂಗೀತ. ಜರ್ಮನ್ ಸಂಗೀತ ರಚನಕಾರ ಬಾಖ್‌ನದೆಂದೇ ಬಹುಕಾಲ ಪ್ರಸಿದ್ಧವಾಗಿದ್ದರೂ ಅದು ಕ್ರಿಶ್ಚಿಯನ್ ಪೆಟ್ಜೋಲ್ಡ್‌ನ ರಚನೆ. ಅದರ 32 ಬಾರ್‌ಗಳಲ್ಲಿ (ತಾಳದ ಸಮಭಾಗಗಳಲ್ಲಿ) ಮೊದಲ 16ನ್ನು ಮಾತ್ರ ತೆಗೆದುಕೊಂಡು, ನಾಲ್ಕು ಬಾರ್‌ಗಳಂತೆ ಪ್ರತಿ ಕೈಗೂ ಪ್ರತ್ಯೇಕವಾಗಿ, ಹಾಡಿಕೊಳ್ಳಲು ಸಾಧ್ಯವಾಗುವಷ್ಟು ನಿಧಾನವಾಗಿ ನುಡಿಸಬೇಕು. ತಪ್ಪಿದರೆ ಮೊದಲಿಗೆ ಹೋಗದೆ, ಕೈಯನ್ನು ತೊಡೆಯ ಮೇಲೆ ಇಳಿಬಿಟ್ಟು ಒಮ್ಮೆ ಉಸಿರುಬಿಟ್ಟು, ತಪ್ಪಿದ ಬಾರ್‌ನಿಂದಲೇ ಮುಂದುವರಿಯಬೇಕು. ಈ ವಿರಾಮವನ್ನೇ ನಾನು ಎಲ್ಲಕ್ಕಿಂತ ಮುಖ್ಯವೆಂದು ಒತ್ತಿ ಹೇಳಿದೆ, ಏಕೆಂದರೆ ತಪ್ಪಿನ ನಂತರ ಏಟು ಬರುವುದಿಲ್ಲ ಎಂಬುದನ್ನು ದೇಹ ಪ್ರತಿಸಲವೂ ಅನುಭವಿಸಬೇಕಿತ್ತು.

ಹೆಡ್‌ಫೋನ್ ತೆಗೆಯುವ ವಿಷಯದಲ್ಲಿ ಅವಸರ ಮಾಡಲಿಲ್ಲ. ಸಂಜೆ ಐದು ನಿಮಿಷ, ಯಜಮಾನರು ಪಕ್ಕದ ಕೋಣೆಯಲ್ಲಿರುವಾಗ ತೆಗೆದು ನುಡಿಸಬಹುದು. ಅವರು ಹೊಗಳಬಾರದು, ತಿದ್ದಲೂಬಾರದು ಎಂದು ಯಜಮಾನರನ್ನೇ ಕರೆಸಿ ಕೇಳಿಕೊಂಡೆ. ಪಾಪ, ಮೊದಲ ವಾರ ಅವರಿಗೇ ಅದು ಕಷ್ಟವಾಯಿತಂತೆ.

ಮೂರು ತಿಂಗಳಲ್ಲಿ ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ. ಎಡಗೈ ಇನ್ನೂ ತಡವರಿಸುತ್ತದೆ, ಆದರೆ ಅದಕ್ಕಾಗಿ ಅಳುವುದು ನಿಂತಿದೆ. ಆರನೆಯ ಗ್ರೇಡ್ ಪರೀಕ್ಷೆಗೆ ಕೂರಲೇ ಎಂದು ಕೇಳಿದ್ದಾರೆ, ಸದ್ಯಕ್ಕೆ ಬೇಡವೆಂದಿದ್ದೇನೆ. ಅದಕ್ಕೆ ಮೊದಲು ವಯಸ್ಕರಿಗೆ ಕಲಿಸಿ ರೂಢಿಯಿರುವ ಶಿಕ್ಷಕರನ್ನು ಆನ್‌ಲೈನ್‌ನಲ್ಲಿ ಹುಡುಕಿ, ಮೊದಲ ಪಾಠದಲ್ಲೇ ನಾಣ್ಯದ ವಿಷಯವನ್ನು ತಿಳಿಸಬೇಕೆಂದು ಸೂಚಿಸಿದ್ದೇನೆ. ಅದನ್ನು ಕೇಳಿಯೂ ಮಣಿಕಟ್ಟಿನ ಕಡೆ ಗಮನಕೊಡದ ಶಿಕ್ಷಕರಾದರೆ ಎರಡನೆಯ ಪಾಠಕ್ಕೆ ಹೋಗಬೇಕಿಲ್ಲ ಎಂಬುದಕ್ಕೆ ಅವರೂ ಒಪ್ಪಿದ್ದಾರೆ.