ಹಳೆಯ ಕಾರಿನ ಪವರ್ ಸ್ಟೀರಿಂಗ್ ತೆಗೆಯಲು ಪಂಪ್‌ನ ಬೆಲ್ಟ್ ಕಳಚಿದರೆ ಸಾಕೇ?

ಸಾಲದು. ಕಾರು ಓಡುತ್ತದೆ, ಆದರೆ ಹುಟ್ಟಿನಿಂದಲೇ ಪವರ್ ಇಲ್ಲದ ಕಾರಿಗಿಂತಲೂ ಸ್ಟೀರಿಂಗ್ ಬಿಗಿಯಾಗುತ್ತದೆ. ಕಾರಣ ರ‍್ಯಾಕ್‌ನೊಳಗಿದೆ, ಅಂದರೆ ಚಕ್ರಗಳನ್ನು ತಿರುಗಿಸುವ ಹಲ್ಲಿನ ಸರಳಿನಲ್ಲಿ. ಆ ಸರಳಿಗೊಂದು ಪಿಸ್ಟನ್ ಇರುತ್ತದೆ. ಪಂಪ್ ನಿಂತ ಮೇಲೆ ಅದರ ಎರಡೂ ಬದಿಯ ಎಣ್ಣೆಯನ್ನು ಸಣ್ಣ ಕೊಳವೆಗಳಲ್ಲಿ ಅತ್ತಿತ್ತ ನೂಕಬೇಕಾದದ್ದು ನಿಮ್ಮ ತೋಳೇ. ಜೊತೆಗೆ ಪವರ್ ರ‍್ಯಾಕ್‌ನ ಅನುಪಾತವೂ (ಚಕ್ರ ಒಂದು ಡಿಗ್ರಿ ಹೊರಳಲು ಸ್ಟೀರಿಂಗ್ ಎಷ್ಟು ಡಿಗ್ರಿ ತಿರುಗಿಸಬೇಕು ಎಂಬ ಲೆಕ್ಕ) ಚುರುಕು: ಮೊದಲ ತಲೆಮಾರಿನ ಮಾಜ್ದಾ ಮಿಯಾಟಾದಲ್ಲಿ ಸಾದಾ ರ‍್ಯಾಕ್ ಸುಮಾರು 18:1, ಪವರ್ ರ‍್ಯಾಕ್ 15:1. ಸುತ್ತು ಕಡಿಮೆ, ಹಾಕಬೇಕಾದ ಬಲ ಹೆಚ್ಚು.

ಅದೇ ಮಾದರಿಯ ಸಾದಾ ರ‍್ಯಾಕ್ ಸಿಕ್ಕರೆ ಅದನ್ನೇ ಕೂರಿಸಿ. ಸಿಗದಿದ್ದರೆ ಇರುವುದನ್ನು ಬಿಚ್ಚಿಸಿ, ಪಿಸ್ಟನ್ನಿನ ಸೀಲ್ ತೆಗೆಸಿ, ಗ್ರೀಸ್ ಹಚ್ಚಿಸಿ. ಅಂದಹಾಗೆ, ಕೆಲವು ಕಾರುಗಳಲ್ಲಿ ಅದೇ ಬೆಲ್ಟ್ ಎಂಜಿನ್ ತಂಪಾಗಿಡುವ ನೀರಿನ ಪಂಪನ್ನೂ ತಿರುಗಿಸುತ್ತದೆ. ಕತ್ತರಿಸುವ ಮೊದಲು ಬಗ್ಗಿ ನೋಡಿ.