ಸೊಲ್ಲಾಪುರದ ಹಳೇ ವಾಡೆಯ ‘ಲಕ್ಷುರಿ ಲಾಫ್ಟ್’ಗೆ 85 ಲಕ್ಷ ಕೊಡಬಹುದೇ?

ಆ ರೇಟಿಗೆ ಬೇಡ. ಮನೆಯೇ ಬೇಡ ಅಂತ ಹೇಳುತ್ತಿಲ್ಲ. ಆದರೆ ಮಲಗುವ ಕೋಣೆ ಇರುವ ಆ ಮೇಲಿನ ಅಟ್ಟ ಕಾರ್ಪೊರೇಷನ್ ಮಂಜೂರು ಮಾಡಿದ ನಕ್ಷೆಯಲ್ಲಿದೆಯೋ ಇಲ್ಲವೋ ಅಂತ ಕಣ್ಣಾರೆ ನೋಡುವ ತನಕ ಟೋಕನ್ ಅಂತ ಒಂದು ರೂಪಾಯಿಯನ್ನೂ ಕೊಡಬೇಡಿ.

ನೀವು ಬರೆದದ್ದು ಇಷ್ಟು: ಬಾಳಿವೇಸ್ ಓಣಿಯ ಹತ್ತಿರದ ಹಳೇ ವಾಡೆ (ಹಿಂದಿನ ಕಾಲದ ದೊಡ್ಡ ಮನೆ), ಅದನ್ನು ಆರು ಮನೆ ಮಾಡಿದ್ದಾರೆ, ನಿಮಗೆ ತೋರಿಸಿದ್ದು ಮೊದಲ ಮಹಡಿಯದು, ಕೆಳಗೆ ಅಂಗಡಿಗಳು. ಒಟ್ಟು 1,650 ಚದರಡಿ ಅನ್ನುತ್ತಾರೆ, ಅದರಲ್ಲಿ 1,100 ಕೆಳಗಿನ ಮಟ್ಟ, ಉಳಿದ 550 ಮರದ ಮೆಟ್ಟಿಲು ಹತ್ತಿ ಹೋಗುವ ಬೆಡ್‌ರೂಮು, ಬಾತ್‌ರೂಮು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಂಬರ್ ಇಲ್ಲ. ಊರು ಇಂಡಿ, ಕೆಲಸ ಬೆಂಗಳೂರಲ್ಲಿ, ರಿಟೈರ್ ಆದಮೇಲೆ ಇಲ್ಲಿ ಬಂದು ಇರಬೇಕೆಂಬ ಆಸೆ.

ನಾನು ಇದೇ ಊರಿನವನು. ಬ್ಯಾಂಕುಗಳಿಗೆ ಮನೆಗಳ ವ್ಯಾಲ್ಯುಯೇಷನ್ ಮಾಡಿಕೊಡುವ ಸಿವಿಲ್ ಎಂಜಿನಿಯರ್. ಹಾಗಾಗಿ ಮೊದಲು ಲೆಕ್ಕವನ್ನೇ ಹೇಳುತ್ತೇನೆ. 85 ಲಕ್ಷವನ್ನು 1,650ಕ್ಕೆ ಭಾಗಿಸಿದರೆ ಚದರಡಿಗೆ ಸುಮಾರು 5,150 ರೂಪಾಯಿ. ಅಟ್ಟ ನಕ್ಷೆಯಲ್ಲಿ ಇಲ್ಲದಿದ್ದರೆ ನನ್ನಂಥವನು ವರದಿಯಲ್ಲಿ ಬರೆಯುವುದು 1,100 ಮಾತ್ರ. ಬಿಲ್ಡರ್ ಹೇಳಿದ ರೇಟನ್ನೇ ಒಪ್ಪಿಕೊಂಡರೂ ಅದು 56-57 ಲಕ್ಷದ ಮನೆ. ಸಾಲದ ಮೊತ್ತ 30 ಲಕ್ಷ ದಾಟಿ 75 ಲಕ್ಷದೊಳಗಿದ್ದರೆ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಅಂದರೆ ನಿಮಗೆ ಸಿಗುವ ಸಾಲ ಹೆಚ್ಚೆಂದರೆ 45 ಲಕ್ಷ, ಉಳಿದ 40 ಲಕ್ಷ ಕೈಯಿಂದ. ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಬೇರೆ. ಬಿಲ್ಡರ್ ತನ್ನ ಪರಿಚಯದ ಸಂಸ್ಥೆಯಿಂದ ಪೂರ್ತಿ ಸಾಲ ಕೊಡಿಸುತ್ತೇನೆ ಅಂದರೆ ಬಡ್ಡಿ ಎಷ್ಟು ಅಂತ ಕೇಳಿ, ಕಾರಣ ತಿಳಿಯುತ್ತದೆ.

ನಿಯಮದ ಪುಸ್ತಕದಲ್ಲಿ ಲಾಫ್ಟ್ ಅಂದರೆ ಹಾಸಿಗೆ ಪೆಟ್ಟಿಗೆ ಇಡುವ ಜಾಗ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅದರ ಎತ್ತರಕ್ಕೆ 1.5 ಮೀಟರ್ ಮಿತಿ ಇದೆ. ಮನುಷ್ಯ ಇರಬೇಕಾದರೆ ಅದು ಮೆಜನೈನ್, ಅಂದರೆ ಎರಡು ಮಹಡಿಗಳ ನಡುವಿನ ಮಹಡಿ ಆಗಬೇಕು: ಕನಿಷ್ಠ 2.2 ಮೀಟರ್ ಎತ್ತರ, ನಕ್ಷೆಯಲ್ಲಿ ಗುರುತು, ಕಾರ್ಪೊರೇಷನ್ನಿನ ಮಂಜೂರಾತಿ. ಟೇಪ್ ತೊಗೊಂಡು ಹೋಗಿ. ಕೆಳಗಿನ ನೆಲದಿಂದ ಅಟ್ಟದ ಅಡಿಯವರೆಗೆ, ಅಟ್ಟದ ನೆಲದಿಂದ ತೊಲೆಯ ಅಡಿಯವರೆಗೆ ಅಳೆಯಿರಿ. ನೀವು ಕಳಿಸಿದ ಫೋಟೋದಲ್ಲಿ ಫ್ಯಾನ್ ಎಲ್ಲಿ ತೂಗುಹಾಕಿದ್ದಾರೆ ನೋಡಿದಿರಾ? ಹಾಸಿಗೆಯ ಮೇಲೆ ಇಲ್ಲ, ಗೋಡೆಗೆ ಹಚ್ಚಿದ್ದಾರೆ. ಮೇಲೆ ಜಾಗ ಸಾಲುವುದಿಲ್ಲ ಎಂಬ ಗುಮಾನಿ ನನಗೆ ಅಲ್ಲೇ ಬಂತು.

ಲಾಫ್ಟ್ ಮನೆಯ ಶೈಲಿಯ ಮೂಲ ನ್ಯೂಯಾರ್ಕಿನ ಸೋಹೋ ಬಡಾವಣೆ. ಕಾರ್ಖಾನೆಗಳು ಖಾಲಿಯಾದಾಗ ಕಡಿಮೆ ಬಾಡಿಗೆಗೆ ಕಲಾವಿದರು ಹೊಕ್ಕರು. ಎತ್ತರದ ಕಿಟಕಿ, ಕಬ್ಬಿಣದ ಕಂಬ, ಅಡ್ಡಗೋಡೆ ಇಲ್ಲದ ದೊಡ್ಡ ಹಾಲು, ಎಲ್ಲವೂ ಕಾರ್ಖಾನೆಗೆಂದು ಮಾಡಿದ್ದವು. ಅವರು ಅಲ್ಲಿ ವಾಸಿಸುವುದೇ ಕಾಯ್ದೆಗೆ ವಿರುದ್ಧವಾಗಿತ್ತು. ಅದನ್ನು ಸರಿಪಡಿಸಲು ಅಲ್ಲಿನ ರಾಜ್ಯ ಸರ್ಕಾರ 1982ರಲ್ಲಿ ಲಾಫ್ಟ್ ಲಾ ಎಂಬ ಕಾನೂನನ್ನೇ ತರಬೇಕಾಯಿತು. ಸೊಲ್ಲಾಪುರಕ್ಕೆ ನಿಜವಾದ ಲಾಫ್ಟ್ ಆಗುವ ಯೋಗ್ಯತೆ ಇತ್ತು. ಜೂನಿ ಮಿಲ್, ನರಸಿಂಗ ಗಿರ್ಜಿ, ಲಕ್ಷ್ಮೀ-ವಿಷ್ಣು ಅಂತ ಎಂಥೆಂಥ ಗಿರಣಿಗಳಿದ್ದ ಊರಿದು! ಆ ಕಟ್ಟಡಗಳನ್ನು ಉಳಿಸಿಕೊಂಡು ಮನೆ ಮಾಡುವ ಬುದ್ಧಿ ಯಾರಿಗೂ ಬರಲಿಲ್ಲ. ಈಗ ವಾಡೆಗಳಿಗೆ ಆ ಹೆಸರು ಅಂಟಿಸುತ್ತಿದ್ದಾರೆ. ವಾಡೆಯ ಮೈಕಟ್ಟು ಬೇರೆ. ಗಿರಣಿ ಯಂತ್ರದ ಭಾರ ಹೊರಲು ಕಟ್ಟಿದ್ದು, ವಾಡೆ ಮಂದಿ ಇರಲು ಕಟ್ಟಿದ್ದು.

ಆ ಮೈಕಟ್ಟನ್ನೇ ನೀವು ಹೆಚ್ಚು ನೋಡಬೇಕು. ಹಳೇ ಪೇಟೆಯ ವಾಡೆ ಅಂದರೆ ಕಲ್ಲು-ಮಣ್ಣಿನ ದಪ್ಪ ಗೋಡೆ, ಸಾಗವಾನಿ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಅದರ ಮೇಲೆ ಹಲಗೆ ಹಾಕಿ ಹಾಳುಮಣ್ಣಿನ ಮಾಳಿಗೆ. ಜೋರಾಗಿ ಬಿಸಿಲು ಬಿದ್ದರೂ ಒಳಗೆ ತಂಪಾಗಿರುತ್ತಿದ್ದದ್ದು ಆ ಮಣ್ಣಿನಿಂದ. ನವೀಕರಣ ಮಾಡುವವರು ಮೊದಲು ತೆಗೆದುಹಾಕುವುದೂ ಅದನ್ನೇ, ಭಾರ ಕಡಿಮೆ ಮಾಡಬೇಕು ಅಂತ. ಅದರ ಜಾಗದಲ್ಲಿ ಪತ್ರಾ (ತಗಡು), ಕೆಳಗೆ ಜಿಪ್ಸಂ ಸೀಲಿಂಗ್. ಈ ಊರಲ್ಲಿ ಮೇ ತಿಂಗಳಲ್ಲಿ 43 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಗಾಳಿ ಮೇಲಕ್ಕೇ ಹೋಗುತ್ತದೆ, ನಿಮ್ಮ ಹಾಸಿಗೆಯೂ ಮೇಲೇ ಇದೆ. ಎಸಿ ಹಾಕಿಸಿದ್ದೇವೆ ಅನ್ನುತ್ತಾರೆ. ಕರೆಂಟ್ ಬಿಲ್ಲು ನೀವು ಕಟ್ಟಬೇಕು.

ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗ ಇದೆಯಲ್ಲ, ಅಲ್ಲಿ ಒಂದು ಸ್ಕ್ರೂಡ್ರೈವರ್ ಒತ್ತಿ ನೋಡಿ. ನಡುವಿನ ತೊಲೆಗೆ ಪಾಲಿಶ್ ಹೊಡೆದು ಮಿರಮಿರ ಮಿಂಚುವಂತೆ ಮಾಡಿರುತ್ತಾರೆ, ಅದರಲ್ಲಿ ದೋಷ ಸಿಗುವುದು ಕಡಿಮೆ. ಗೋಡೆಯೊಳಗಿನ ಗೇಣು ಭಾಗದಲ್ಲೇ ಮರ ಮೆತ್ತಗಾಗುವುದು. ಮಣ್ಣು, ಸುಣ್ಣದ ಗೋಡೆ ಉಸಿರಾಡುತ್ತದೆ, ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವ ಒಳಗೇ ಉಳಿದು ತೊಲೆಯ ತುದಿಗೆ ಇಳಿಯುತ್ತದೆ, ಅದರ ಬೆನ್ನಿಗೆ ಗೆದ್ದಲು. ಸ್ಕ್ರೂಡ್ರೈವರ್ ಅರ್ಧ ಇಂಚು ಸಲೀಸಾಗಿ ಹೋಗಿ ತುದಿಗೆ ಕಂದು ಹಿಟ್ಟು ಹತ್ತಿಕೊಂಡು ಬಂದರೆ ಅಲ್ಲಿಗೆ ಮಾತು ಮುಗಿಯಿತು. ಬಿಲ್ಡರ್ ಒತ್ತಲು ಬಿಡದಿದ್ದರೂ ಮುಗಿಯಿತು ಅಂತಲೇ ತಿಳಿಯಿರಿ.

ಅಟ್ಟಕ್ಕೆ ಹೊಸ ಕಬ್ಬಿಣದ ಗರ್ಡರ್ ಕೊಟ್ಟಿದ್ದರೆ ಅದರ ತುದಿ ಎಲ್ಲಿ ಕೂತಿದೆ ನೋಡಿ. ಕಲ್ಲು-ಮಣ್ಣಿನ ಗೋಡೆ ಕೊರೆದು ನೇರ ತುರುಕಿದ್ದರೆ ಭಾರವೆಲ್ಲ ಅಂಗೈಯಷ್ಟು ಜಾಗದ ಮೇಲೆ ಬೀಳುತ್ತದೆ, ಗೋಡೆ ಸೀಳುತ್ತದೆ. ಕೆಳಗೆ ಕಾಂಕ್ರೀಟಿನ ಬೆಡ್ ಬ್ಲಾಕ್ ಇರಬೇಕು, ಇಲ್ಲವೇ ನೆಲದಿಂದಲೇ ಎದ್ದ ಬೇರೆ ಕಂಬಗಳಿರಬೇಕು. ಅದಕ್ಕಿಂತ ನನಗೆ ಚಿಂತೆ ಹುಟ್ಟಿಸಿದ್ದು ಮೇಲಿನ ಬಾತ್‌ರೂಮು. ಮರದ ಮೇಲೆ ನೀರು, ಅದೂ ಹಳೇ ಮರ. ಸೋರಿದ್ದು ನಿಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಜಂತಿ ಕೊಳೆತಿರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ನೀವೇ ನೇಮಿಸಿ. ಬಿಲ್ಡರ್ ಕೊಡುವ ಸರ್ಟಿಫಿಕೇಟಿಗೆ ಬಿಲ್ಡರ್ ರೊಕ್ಕ ಕೊಟ್ಟಿರುತ್ತಾರೆ.

ರೇರಾ ವಿಷಯ. ‘ರಿನೋವೇಷನ್‌ಗೆ ರೇರಾ ಬೇಡ’ ಎನ್ನುವ ಮಾತು ತಪ್ಪು. ಜಾಹೀರಾತು ಕೊಟ್ಟು ಮಾರುವುದಿದ್ದರೆ ನವೀಕರಣಕ್ಕೂ ರಿಜಿಸ್ಟ್ರೇಷನ್ ಬೇಕು. ಆದರೆ 500 ಚದರ ಮೀಟರ್ ಒಳಗಿನ ಜಾಗ ಅಥವಾ ಎಂಟು ಮನೆಗಳವರೆಗಿನ ಯೋಜನೆಗೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಆರು ಮನೆ ಆದ್ದರಿಂದ ಬಚಾವಾದರು, ಅಷ್ಟೆ. ಕೆಳಗಿನ ಅಂಗಡಿಗಳನ್ನೂ ಹೊಸದಾಗಿ ಮಾಡಿ ಮಾರುತ್ತಿದ್ದರೆ ಅವನ್ನೂ ಕೂಡಿಸಿ ಎಣಿಸಿ, ರೇರಾ ಕಾಯ್ದೆಯ ಪ್ರಕಾರ ಅಂಗಡಿಯೂ ಅಪಾರ್ಟ್‌ಮೆಂಟೇ. ವಿನಾಯಿತಿ ಇದ್ದರೂ ಕರಾರಿನಲ್ಲಿ ಕಾರ್ಪೆಟ್ ಏರಿಯಾ (ಗೋಡೆಗಳೊಳಗೆ ಬಳಸಲು ಸಿಗುವ ಜಾಗ) ಎಷ್ಟು ಅಂತ ಬರೆಸಿಕೊಳ್ಳಿ, 1,650 ಎಲ್ಲಿಂದ ಬಂತು ಅಂತ ಆಗ ಬಾಯಿ ಬಿಡಲೇಬೇಕಾಗುತ್ತದೆ.

ಇಲ್ಲಿ ಖಾತಾ ಅಂತಿಲ್ಲ. ಸಿಟಿ ಸರ್ವೇ ಕಚೇರಿಯ ಪ್ರಾಪರ್ಟಿ ಕಾರ್ಡ್ ಕೇಳಬೇಕು, ಮರಾಠಿಯಲ್ಲಿರುತ್ತದೆ. ಅದರಲ್ಲಿ ಎಷ್ಟು ಹೆಸರಿವೆ ಎನ್ನುವುದಕ್ಕಿಂತ ಯಾರ ಹೆಸರಿಲ್ಲ ಅಂತ ನೋಡಿ. ಇಂಥ ವಾಡೆಗಳು ಮೂರ್ನಾಲ್ಕು ಅಣ್ಣತಮ್ಮಂದಿರ ಹೆಸರಲ್ಲಿರುತ್ತವೆ, ಅಕ್ಕತಂಗಿಯರು ಇಂಡಿಗೋ ಅಕ್ಕಲಕೋಟೆಗೋ ಆಳಂದಕ್ಕೋ ಮದುವೆಯಾಗಿ ಹೋಗಿರುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಅವರಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಪ್ರತಿಯೊಬ್ಬರ ಹಕ್ಕಸೋಡ ಪತ್ರ (ಹಕ್ಕು ಬಿಟ್ಟುಕೊಟ್ಟ ಪತ್ರ) ರಿಜಿಸ್ಟರ್ ಆಗಿರಬೇಕು. ‘ಅಕ್ಕ ಏನೂ ಅನ್ನೋದಿಲ್ಲರಿ’ ಎನ್ನುವುದು ದಾಖಲೆಯಲ್ಲ. ಆಮೇಲೆ, ನಿಮ್ಮ ಮನೆಯ ಜೊತೆಗೆ ಜಾಗದಲ್ಲಿ ಎಷ್ಟು ಪಾಲು ಬರುತ್ತದೆ ಅಂತ ಡೀಡ್ ಆಫ್ ಡಿಕ್ಲರೇಷನ್ ಎಂಬ ಘೋಷಣಾ ಪತ್ರದಲ್ಲಿ ಇರಲೇಬೇಕು. ಮುಂದೊಂದು ದಿನ ಕಟ್ಟಡ ಬಿದ್ದರೆ ನಿಮಗೆ ಉಳಿಯುವುದು ಆ ಪಾಲೊಂದೇ.

ಕೆಳಗಿನ ಅಂಗಡಿಯವರು ಹಳೇ ಬಾಡಿಗೆದಾರರಾ? ಹಾಗಿದ್ದರೆ ಅವರಿಗೆ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ರಕ್ಷಣೆ ಇದೆ, ಬಾಡಿಗೆ ವರ್ಷಕ್ಕೆ ಶೇ. 4ರಂತೆ ಮಾತ್ರ ಏರಿಸಬಹುದು. ಅವರು ಇರುವುದರಿಂದ ನಿಮಗೆ ತೊಂದರೆಯಿಲ್ಲ; ನಿಮ್ಮ ಅಟ್ಟದ ಭಾರ ಹೊತ್ತ ಕಂಬಗಳು ಅವರ ಅಂಗಡಿಯೊಳಗಿವೆ ಎನ್ನುವುದೇ ತೊಂದರೆ. ದುರಸ್ತಿಗೆ ಒಳಗೆ ಬಿಡಬೇಕಾದವರು ಅವರು.

ವಾಡೆ ಭುಯಿಕೋಟ ಕೋಟೆಯ ಕಡೆಗಿದ್ದರೆ ಇನ್ನೊಂದು ಪರವಾನಗಿ ಕೇಳಿ. ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ.

ಇಷ್ಟೆಲ್ಲ ಹೇಳಿದ ಮೇಲೂ ಆ ಪೇಟೆಯಲ್ಲಿ ಇರುವುದು ಚಂದ, ಅದನ್ನು ಅಲ್ಲಗಳೆಯಲಾರೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪೂರ್ವ ಭಾಗದ ನೇಕಾರರ ಓಣಿಗೆ ಹೋದರೆ ತೆಲುಗು. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಸಿದ್ಧರಾಮೇಶ್ವರರ ಏಳು ನಂದಿಧ್ವಜಗಳು ಆ ಬೀದಿಗಳಲ್ಲೇ ಬರುತ್ತವೆ. ನಿಮ್ಮ ಕಿಟಕಿ ರಸ್ತೆಗಿದ್ದರೆ ನೆಂಟರು ತಾವಾಗಿಯೇ ಬಂದಾರು. ಕಾರು ಮಾತ್ರ ಮನೆ ಮುಂದೆ ನಿಲ್ಲದು.

ದರ ಕುದುರಿಸುವಾಗ 1,100 ಚದರಡಿಗೆ ಮನೆಯ ರೇಟು, 550ಕ್ಕೆ ಮರದ ಕೆಲಸದ ಖರ್ಚು ಅಂತ ಹಿಡಿದು ಮಾತಾಡಿ. ಅಟ್ಟ ನಕ್ಷೆಯಲ್ಲಿದ್ದು, ಎತ್ತರವೂ ಸರಿಯಿದ್ದರೆ ಮಾತು ಬೇರೆ, ಆಗ 75 ಲಕ್ಷದ ಸುತ್ತ ಮಾತಾಡಬಹುದು. ಇನ್ನು ನೀರು: ಉಜನಿ ಅಣೆಕಟ್ಟೆಯಿಂದ ಬರುವ ನೀರು ನಲ್ಲಿಗೆ ಕೆಲವು ದಿನಕ್ಕೊಮ್ಮೆ. ಆರೂ ಮನೆಗೆ ಸಾಲುವಂಥ ನೆಲದ ಟಾಕಿ ಇದೆಯೇ, ಮೋಟರ್ ಎಲ್ಲರದೋ ಒಬ್ಬರದೋ ಕೇಳಿ. ನೀರು ಬಿಡುವ ದಿನವೇ ಹೋಗಿ ನೋಡಿದರೆ ಉತ್ತಮ.