ಲ್ಯಾಮ್ ರೋಗಿಗಳ ವಿದೇಶಿ ನೋಂದಣಿಗೆ ಅಕ್ಕನ ಹೆಸರು ಕೊಡಬಹುದೇ?

ನೀವು ಕೇಳಿರುವುದು ಇಷ್ಟು: 34 ವರ್ಷದ ಅಕ್ಕನಿಗೆ ಲ್ಯಾಮ್ ಎಂಬ, ಹೆಚ್ಚಾಗಿ ಹೆಂಗಸರಿಗೇ ಬರುವ ಅಪರೂಪದ ಶ್ವಾಸಕೋಶದ ಕಾಯಿಲೆ ಇದೆಯೆಂದು ಗೊತ್ತಾಗಿದೆ. ಅಂತರರಾಷ್ಟ್ರೀಯ ರೋಗಿಗಳ ನೋಂದಣಿಗೆ ಸೇರಿಸಿ ಎಂದು ವೈದ್ಯರು ಹೇಳಿದ್ದಾರೆ. 'ನಮ್ಮವಳನ್ನು ಪ್ರಯೋಗಪಶು ಮಾಡಿಕೊಳ್ಳುತ್ತಾರೆ' ಎಂದು ಭಾವನವರು ತಡೆಯುತ್ತಿದ್ದಾರೆ.

ನನಗೂ ಅದೇ ಕಾಯಿಲೆ. ಲಿಂಫ್ಯಾಂಜಿಯೋಲಿಯೋಮಯೋಮಟೋಸಿಸ್ ಎಂಬ ಪೂರ್ತಿ ಹೆಸರನ್ನು ತಡವರಿಸದೆ ಹೇಳಲು ನನಗೆ ಒಂದು ತಿಂಗಳು ಬೇಕಾಯಿತು. ನಾನು ವೈದ್ಯೆಯಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಆದ್ದರಿಂದ ಭಾವನವರಿಗೆ ನನ್ನ ಭಾಷೆಯಲ್ಲೇ ಹೇಳುತ್ತೇನೆ: ನೋಂದಣಿ ಎಂದರೆ ಲೆಡ್ಜರ್. ಅಲ್ಲಿ ಯಾರೂ ಹೊಸ ಮಾತ್ರೆ ನುಂಗಿಸುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಹೇಗಿದ್ದೀರಿ, ಉಸಿರಿನ ಪರೀಕ್ಷೆಯಲ್ಲಿ ಎಷ್ಟು ಬಂತು, ಯಾವ ಔಷಧ ನಡೆಯುತ್ತಿದೆ ಎಂದು ಕಾಲಕಾಲಕ್ಕೆ ಕೇಳಿ ಬರೆದುಕೊಳ್ಳುತ್ತಾರೆ. ಔಷಧದ ಪ್ರಯೋಗ ಬೇರೆಯೇ ವಿಷಯ. ಅದಕ್ಕೆ ಬೇರೆ ಒಪ್ಪಿಗೆ ಪತ್ರ, ಬೇರೆ ಸಹಿ ಬೇಕು.

ನನ್ನ ಮೊದಲ ಶ್ವಾಸಕೋಶ ಕುಸಿದದ್ದು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ. ಗ್ಯಾಸ್ ಎಂದರು. ಆಮೇಲೆ ಕ್ಷಯ ಎಂದರು, ಆರು ತಿಂಗಳು ಮಾತ್ರೆ ನುಂಗಿದೆ. ಎರಡನೇ ಸಲ ಕುಸಿದಾಗ ಸಿ.ಟಿ. ತೆಗೆಸಿದರು, ಎರಡೂ ಶ್ವಾಸಕೋಶಗಳು ಜರಡಿಯಂತೆ ತೂತುತೂತಾಗಿ ಕಂಡವು. ಅದು 2017. ಆ ರಾತ್ರಿ ಮೊಬೈಲಿನಲ್ಲಿ ಹುಡುಕಿದಾಗ 'ಹತ್ತು ವರ್ಷ' ಎಂಬ ಮಾತು ಕಣ್ಣಿಗೆ ಬಿತ್ತು. ಮಗಳು ಆಗ ಮೂರನೇ ತರಗತಿ. ಕೂಡಿಸಿ ನೋಡಿದೆ: ಪಿಯುಸಿ ಮುಗಿಸುತ್ತಾಳೆ, ಅಲ್ಲಿಗೆ ಸರಿ.

ಆ ಹತ್ತು ವರ್ಷ ಎಲ್ಲಿಂದ ಬಂತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹಿಂದೆ ರೋಗ ತೀರಾ ಬಲಿತವರು ಮಾತ್ರ ದೊಡ್ಡ ಆಸ್ಪತ್ರೆಗಳ ಕಣ್ಣಿಗೆ ಬೀಳುತ್ತಿದ್ದರು. ಅಂಥ ಕೆಲವರನ್ನು ನೋಡಿ ಬರೆದ ಲೆಕ್ಕವೇ ಪುಸ್ತಕದಿಂದ ಪುಸ್ತಕಕ್ಕೆ ಹೋಯಿತು. ಅಮೆರಿಕದಲ್ಲಿ, ಮಗಳಿಗೆ ಲ್ಯಾಮ್ ಬಂದ ಸ್ಯೂ ಬರ್ನ್ಸ್ ಎಂಬ ತಾಯಿ 1995ರಲ್ಲಿ ಲ್ಯಾಮ್ ಫೌಂಡೇಶನ್ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಅಲ್ಲಿನ ರಾಷ್ಟ್ರೀಯ ಹೃದಯ, ಶ್ವಾಸಕೋಶ ಮತ್ತು ರಕ್ತ ಸಂಸ್ಥೆ ಆರು ಕೇಂದ್ರಗಳಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರನ್ನು ನೋಂದಾಯಿಸಿಕೊಂಡಿತು. ಅವರೆಲ್ಲ ಮುಂದೆ ಏನಾದರು ಎಂಬ ಲೆಕ್ಕ 2019ರಲ್ಲಿ ಪ್ರಕಟವಾಯಿತು: ಹತ್ತು ವರ್ಷಗಳ ನಂತರವೂ ಶ್ವಾಸಕೋಶ ಕಸಿಯಿಲ್ಲದೆ ಬದುಕಿದ್ದವರು ಸುಮಾರು ಶೇ. 85. ಆ ಅಂಕಿ ಓದಿದ ದಿನ ಆಫೀಸಿನ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದೆ. ನೋಂದಣಿಗೆ ಸೇರಿದ್ದು ಅದಾದ ಮೇಲೆಯೇ. ಮಗಳು ಈಗ ಎರಡನೇ ಪಿಯುಸಿ.

ಇನ್ನು ಔಷಧ. ನಿಮ್ಮ ಅಕ್ಕನಿಗೆ ಬಹುಶಃ ಸಿರೋಲಿಮಸ್ ಮಾತು ಬಂದಿರಬೇಕು. ಈಸ್ಟರ್ ದ್ವೀಪದ ಮಣ್ಣಿನ ಬ್ಯಾಕ್ಟೀರಿಯಾದಿಂದ ಸಿಕ್ಕ ವಸ್ತು ಅದು. ಕಸಿ ಮಾಡಿದ ಮೂತ್ರಪಿಂಡವನ್ನು ದೇಹ ತಿರಸ್ಕರಿಸದಿರಲಿ ಎಂದು ಕೊಡುತ್ತಿದ್ದರು. ನಾನು ಮೊದಲ ಸಲ ಚೀಟಿ ಕೊಟ್ಟಾಗ ಔಷಧದಂಗಡಿಯವರು 'ಕಿಡ್ನಿ ಹಾಕಿಸಿಕೊಂಡಿದ್ದೀರಾ?' ಎಂದೇ ಕೇಳಿದ್ದರು. ಲ್ಯಾಮ್‌ಗೆ ಅದು ನಾಟುತ್ತದೆಂದು ತೋರಿಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಅಮೆರಿಕ, ಕೆನಡಾ, ಜಪಾನ್ ಮೂರೂ ದೇಶ ಸೇರಿ ಅದರಲ್ಲಿದ್ದ ರೋಗಿಗಳು 89. ಹುಸಿ ಮಾತ್ರೆ ನುಂಗಿದವರು ಮೊದಲ ಸೆಕೆಂಡಿನಲ್ಲಿ ಊದಬಲ್ಲ ಗಾಳಿ ತಿಂಗಳಿಗೆ ಸುಮಾರು 12 ಮಿಲಿಲೀಟರ್ ಕಡಿಮೆಯಾಗುತ್ತಿತ್ತು. ಸಿರೋಲಿಮಸ್ ನುಂಗಿದವರಲ್ಲಿ ಅದು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಔಷಧ ನಿಲ್ಲಿಸಿದ ಮೇಲೆ ಮತ್ತೆ ಇಳಿಯತೊಡಗಿತು. ಹತ್ತು ಲಕ್ಷ ಹೆಂಗಸರಲ್ಲಿ ಕೆಲವೇ ಮಂದಿಗೆ ಬರುವ ರೋಗಕ್ಕೆ 89 ಜನರನ್ನು ಹೊಂದಿಸಬೇಕಾದರೆ, ಯಾರು ಎಲ್ಲಿದ್ದಾರೆ ಎಂದು ಮೊದಲೇ ಬರೆದಿಟ್ಟವರು ಇರಬೇಕಲ್ಲವೇ?

'ಅವರ ಲೆಕ್ಕದಲ್ಲಿ ನಾವೇಕೆ' ಎಂದು ಭಾವನವರು ಕೇಳಿದರೆ ಏರ್ ಕೂಲರ್ ಕಥೆ ಹೇಳಿ. ಶ್ವಾಸಕೋಶ ಗಟ್ಟಿಯಾಗುವ ಐಎಲ್‌ಡಿ ಎಂಬ ರೋಗಗಳ ಗುಂಪಿಗೆ ನಮ್ಮ ದೇಶದಲ್ಲೇ ಒಂದು ನೋಂದಣಿ ನಡೆಯಿತು. 2012ರಿಂದ 2015ರವರೆಗೆ, 27 ಕೇಂದ್ರಗಳಲ್ಲಿ, 1,084 ರೋಗಿಗಳು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗಿದ್ದದ್ದು ಉಸಿರಿನ ಜೊತೆ ಒಳಹೋದ ಬೂಷ್ಟು, ಧೂಳಿನಂಥವುಗಳಿಗೆ ದೇಹ ಕೆರಳಿ ಬರುವ ಬಗೆ. ಆ ಬಗೆಯವರಲ್ಲಿ ಸುಮಾರು ಅರ್ಧ ಮಂದಿ ಏರ್ ಕೂಲರ್ ಗಾಳಿಗೆ ಒಡ್ಡಿಕೊಂಡವರು. ವಿದೇಶದ ಪಟ್ಟಿಗಳನ್ನಷ್ಟೇ ನೋಡಿ ಕೂತಿದ್ದರೆ ಕೂಲರ್ ಬಗ್ಗೆ ವಿಚಾರಿಸಬೇಕೆಂದು ಯಾರಿಗೆ ಹೊಳೆಯುತ್ತಿತ್ತು? ನಾನು ತುಂಬಿದ ಫಾರಂನಲ್ಲಿ ಜನಾಂಗದ ಕಾಲಂ ಇತ್ತು. ಜಪಾನಿನವರಿಗೂ ನನಗೂ ಸೇರಿ 'ಏಷ್ಯನ್' ಎಂಬ ಒಂದೇ ಚೌಕ.

ಆದರೆ ಭಾವನವರ ಅನುಮಾನ ಪೂರ್ತಿ ಹುರುಳಿಲ್ಲದ್ದಲ್ಲ. ಹೆಸರು ತೆಗೆದಿದ್ದೇವೆ, ಗುಟ್ಟು ಗುಟ್ಟಾಗಿಯೇ ಇರುತ್ತದೆ ಎನ್ನುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಅದು ಸಾಕು. ನಮ್ಮಂಥವರ ವಿಷಯದಲ್ಲಿ 'ಮಹಿಳೆ, 34, ಇಂಥ ಜಿಲ್ಲೆ, ಲ್ಯಾಮ್' ಎಂದು ಬರೆದರೆ ಹೆಸರು ಬರೆದಂತೆಯೇ. ಆದ್ದರಿಂದ ಪೂರ್ತಿ ಜನ್ಮದಿನಾಂಕ, ಪಿನ್ ಕೋಡ್ ಉಳಿಸಿಕೊಳ್ಳುತ್ತಾರೆಯೇ, ಔಷಧ ಕಂಪನಿಗಳಿಗೆ ಮಾಹಿತಿ ಹೋಗುವಾಗ ಅವೂ ಹೋಗುತ್ತವೆಯೇ ಎಂದು ಕೇಳಿ. ಹೊರಬಂದರೆ ಹಳೆಯ ಮಾಹಿತಿ ಅಳಿಸುತ್ತಾರೆಯೇ ಎಂದೂ ಕೇಳಿ. ಸೇರಲು ದುಡ್ಡು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

ಫಾರಂ ತುಂಬುವ ಕಷ್ಟ ಬೇರೆ. ಮೊದಲ ಸಲ ಶ್ವಾಸಕೋಶ ಕುಸಿದ ತಾರೀಖು ಕೇಳಿದಾಗ ನಾನು ಮೂರು ಪ್ಲಾಸ್ಟಿಕ್ ಚೀಲಗಳನ್ನು ಮಂಚದ ಮೇಲೆ ಸುರಿದೆ. ಊದುವ ಪರೀಕ್ಷೆಯ ಚೀಟಿಗಳು ಸಿಕ್ಕವು, ಆದರೆ ಬಿಳಿ ಹಾಳೆಗಳಾಗಿ. ಎಟಿಎಂ ರಸೀದಿಯ ಕಾಗದವೇ ಅದು, ಅಕ್ಷರ ಮಾಸಿಹೋಗುತ್ತದೆ. ಅಕ್ಕನ ಚೀಟಿಗಳನ್ನು ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ನಡುವೆ ಎರಡು ವರ್ಷ ನಾನು ಏನನ್ನೂ ತುಂಬಲಿಲ್ಲ, ಚೆನ್ನಾಗಿದ್ದೆ, ಮರೆತೆ. ನೋಂದಣಿಯವರಿಂದ ಇಮೇಲ್ ಬಂತು. ಖಾಲಿ ಬಿಟ್ಟವರಲ್ಲಿ ಚೆನ್ನಾಗಿರುವವರು ಯಾರು, ತೀರಿಹೋದವರು ಯಾರು ಎಂದು ನಮಗೆ ಗೊತ್ತಾಗುವುದಿಲ್ಲ, ಒಂದು ಸಾಲು ಬರೆಯಿರಿ ಎಂದು. ಆಗಿನಿಂದ ತಪ್ಪಿಸಿಲ್ಲ.

ಇಷ್ಟು ಬರೆದು ನಿಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಓದಿದೆ. ವೈದ್ಯರು ಹೇಳಿದ್ದಿದೆ, ಭಾವ ಹೇಳಿದ್ದಿದೆ, ನಿಮ್ಮ ಗೊಂದಲವಿದೆ. ಅಕ್ಕ ಏನು ಹೇಳಿದರು? ಸಹಿ ಹಾಕಬೇಕಾದವರು ಅವರು. ಇದನ್ನು ಮೊದಲು ಅವರಿಗೆ ತೋರಿಸಿ, ಭಾವನವರಿಗೆ ಆಮೇಲೆ.